ಮೆಚ್ಚಿದ ಚಿತ್ರ, ಹೆಚ್ಚಿನ ಚಿತ್ರ

ಲಂಡನ್ನಿನಿಂದ ಹೊರಡುವ ‘ಸೈಟ್ ಅಂಡ್ ಸೌಂಡ್’ ಎಂಬ ಚಲಚ್ಚಿತ್ರ ಪತ್ರಿಕೆ ೧೯೫೨ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿತು. ಹತ್ತು ವರ್ಷಕ್ಕೊಮ್ಮೆ ನಾನಾ ದೇಶಗಳ ವಿಮರ್ಶಕರಿಗೆ ಬರೆದು, ಇದುವರೆಗೆ ತಯಾರಾದ ಚಿತ್ರಗಳಲ್ಲಿ ಅತ್ಯುತ್ತಮವಾದ ಹತ್ತು ಯಾವುವೆಂದು ಕೇಳುವುದು. ಬಂದ ಉತ್ತರಗಳನ್ನು ಕೂಡಿಸಿ ಪಟ್ಟಿಯೊಂದನ್ನು ಪ್ರಕಟಿಸುವುದು. ಮೊದಲ ಸಲ ಉತ್ತರ ಕಳುಹಿಸಿದವರು ನೂರು ಮಂದಿಯೂ ಇರಲಿಲ್ಲ. ೨೦೨೨ರಲ್ಲಿ ಅವರ ಸಂಖ್ಯೆ ಸಾವಿರದ ಆರುನೂರನ್ನು ದಾಟಿತು. ಮೊದಲ ಪಟ್ಟಿಯ ತಲೆಯಲ್ಲಿದ್ದದ್ದು ಇಟಲಿಯ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’. ೧೯೬೨ರಿಂದ ೨೦೦೨ರವರೆಗೆ, ಐದು ಸಲ, ಆರ್ಸನ್ ವೆಲ್ಸ್ ಅವರ ‘ಸಿಟಿಜನ್ ಕೇನ್’ ಆ ಪೀಠದಿಂದ ಇಳಿಯಲಿಲ್ಲ. ೨೦೧೨ರಲ್ಲಿ ಹಿಚ್‌ಕಾಕರ ‘ವರ್ಟಿಗೋ’ ಅದನ್ನು ಇಳಿಸಿತು. ೨೦೨೨ರಲ್ಲಿ ಬೆಲ್ಜಿಯಂ ದೇಶದ ಶಾಂತಾಲ್ ಅಕರ್ಮನ್ ಎಂಬಾಕೆ ೧೯೭೫ರಲ್ಲಿ ತೆಗೆದ ‘ಜಾನ್ ದೀಲ್ಮನ್’ ಮೇಲೇರಿತು. ಒಬ್ಬ ವಿಧವೆ ಆಲೂಗೆಡ್ಡೆ ಸುಲಿಯುವುದನ್ನೂ, ಹಾಸಿಗೆ ಮಡಿಸುವುದನ್ನೂ, ದೀಪ ಆರಿಸುವುದನ್ನೂ ಮೂರು ಗಂಟೆಗೂ ಮಿಕ್ಕಿ ತೋರಿಸುವ ಚಿತ್ರ ಅದು. ಆ ವರ್ಷದ ನೂರು ಚಿತ್ರಗಳಲ್ಲಿ ಭಾರತದ್ದೆಂದು ಇರುವುದು ಒಂದೇ: ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಮೂವತ್ತೈದನೆಯ ಸ್ಥಾನದಲ್ಲಿ. ಕನ್ನಡದ್ದು ಒಂದೂ ಇಲ್ಲ.

ಇಂಥ ಪಟ್ಟಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು: “ಅದೆಲ್ಲ ಪಂಡಿತರ ಆಟ, ಅವರವರ ರುಚಿ ಅವರವರಿಗೆ, ನನಗೆ ಹಿಡಿಸಿದ್ದೇ ನನಗೆ ಶ್ರೇಷ್ಠ.” ಇನ್ನೊಂದು: ಪಟ್ಟಿಯನ್ನು ಬಾಯಿಪಾಠ ಮಾಡಿ, ಅದರಲ್ಲಿರುವ ಚಿತ್ರಗಳನ್ನು ಆಕಳಿಸುತ್ತ ನೋಡಿ ಮುಗಿಸಿ, ಹೊರಗೆ ಬಂದು “ಆಹಾ” ಎನ್ನುವುದು. ಮೊದಲನೆಯವರು ತಮ್ಮ ಮನಸ್ಸನ್ನೇ ಲೋಕವೆಂದು ತಿಳಿದವರು. ಎರಡನೆಯವರು ಲೋಕದ ಮಾತನ್ನು ತಮ್ಮ ಮನಸ್ಸಿನ ಮಾತೆಂದು ನಟಿಸುವವರು. ಇಬ್ಬರೂ ಎರಡು ಪ್ರಶ್ನೆಗಳನ್ನು ಒಂದೇ ಎಂದು ಎಣಿಸಿದ್ದಾರೆ. “ನಿನಗೆ ಯಾವುದು ಇಷ್ಟ?” ಎಂಬುದು ಒಂದು ಪ್ರಶ್ನೆ. “ಯಾವುದು ದೊಡ್ಡದು?” ಎಂಬುದು ಬೇರೊಂದು. ಮೊದಲನೆಯದಕ್ಕೆ ನಾನೊಬ್ಬನೇ ಸಾಕ್ಷಿ. ಕಾರಣ ಕೊಡಬೇಕಾಗಿಲ್ಲ, ಯಾರೂ ಅಲ್ಲಗಳೆಯುವಂತೆಯೂ ಇಲ್ಲ. ಎರಡನೆಯದಕ್ಕೆ ಉತ್ತರ ಹೇಳಿದವನು ಕಾರಣ ಕೊಡಬೇಕು. ಆ ಕಾರಣ ನನ್ನ ಊರು, ನನ್ನ ಬಾಲ್ಯ, ನನ್ನ ಭಾಷೆ ಇವುಗಳ ಪರಿಚಯವಿಲ್ಲದವನಿಗೂ ಒಪ್ಪಿಗೆಯಾಗುವಂತಿರಬೇಕು.

ಇದು ಹೊಸ ವಿವೇಚನೆಯೇನೂ ಅಲ್ಲ. ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಇದನ್ನು ಬಲ್ಲವರು ಸಿಕ್ಕುತ್ತಾರೆ. ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಹಳೆಯದು. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಸೀನರಿ, ಡ್ರೆಸ್ಸು ಬಾಡಿಗೆಗೆ ತಂದು, ರಾತ್ರಿಯೆಲ್ಲ ‘ಕುರುಕ್ಷೇತ್ರ’ ಆಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಆದ್ದರಿಂದ ಮುಂದೇನಾಗುವುದೋ ಎಂಬ ಕುತೂಹಲಕ್ಕೆ ಅಲ್ಲಿ ಎಡೆಯಿಲ್ಲ; ಹೇಗೆ ಆಡಿದರು ಎಂಬುದೊಂದೇ ಉಳಿಯುವ ವಿಚಾರ. ಬೆಳಗ್ಗೆ ಟೀ ಅಂಗಡಿಯಲ್ಲಿ ನಡೆಯುವ ವಿಮರ್ಶೆಯನ್ನು ಕೇಳಬೇಕು. “ನಮ್ ಹುಡುಗ ದುರ್ಯೋಧನ ಮಾಡಿದ್ದು ಕಣ್ ತುಂಬ್ತು ಕಣಪ್ಪ. ಆದ್ರೆ ದುರ್ಯೋಧನ ಅಂದ್ರೆ ಹೋದ್ ವರ್ಷ ಪಕ್ಕದ ಊರೋನ್ ಮಾಡಿದ್ನಲ್ಲ, ಅದು.” ತಮ್ಮ ಮನೆಯ ಹುಡುಗನ ಮೇಲಿನ ಪ್ರೀತಿಗೂ, ಪಾತ್ರ ತುಂಬಿದ ನಟನ ಮೇಲಿನ ಗೌರವಕ್ಕೂ ನಡುವಿನ ಗೆರೆ ಈ ಮಾತಿನಲ್ಲಿ ಎಷ್ಟು ಸ್ಪಷ್ಟವಾಗಿದೆ! ಪ್ರೀತಿಯನ್ನು ಬಿಟ್ಟುಕೊಟ್ಟಿಲ್ಲ, ಗೌರವವನ್ನು ಕದ್ದಿಲ್ಲ. ನಾಟಕದ ವಿಷಯದಲ್ಲಿ ನಮಗಿರುವ ಈ ಪ್ರಾಮಾಣಿಕತೆ ಸಿನಿಮಾದ ವಿಷಯಕ್ಕೆ ಬಂದಾಗ ಏಕೆ ಮಾಯವಾಗುತ್ತದೆಯೋ ತಿಳಿಯದು.

ನನ್ನ ಮೆಚ್ಚಿನ ಚಿತ್ರ ಯಾವುದೆಂದು ಯಾರಾದರೂ ಕೇಳಿದರೆ ‘ಬಂಗಾರದ ಮನುಷ್ಯ’ ಎಂದು ಹೇಳುತ್ತೇನೆ; ಹೇಳಲು ನಾಚುವುದಿಲ್ಲ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ೧೯೭೨ರಲ್ಲಿ ತೆರೆಕಂಡಿತು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಾನು ಅದನ್ನು ಮೊದಲು ನೋಡಿದ್ದು ಅಲ್ಲಿ ಅಲ್ಲ, ನಮ್ಮ ಕಡೆಯ ಟೂರಿಂಗ್ ಟಾಕೀಸಿನಲ್ಲಿ. ಟೆಂಟಿನ ಚಿತ್ರ ನೋಡುವ ರೀತಿಯೇ ಬೇರೆ. ಪಟ್ಟಣದ ಓಟ ಮುಗಿದು, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳನ್ನೆಲ್ಲ ಸುತ್ತಿದ ಮೇಲೆ ಪ್ರಿಂಟು ಅಲ್ಲಿಗೆ ಬರುತ್ತಿತ್ತು. ಬರುವ ಹೊತ್ತಿಗೆ ಅದರ ಮೈಮೇಲೆ ಗೀರುಗಳು. ಹರಿದಲ್ಲಿ ಅಂಟಿಸಿದ ಗುರುತುಗಳು. ಅಲ್ಲಲ್ಲಿ ಒಂದು ಮಾತು, ಒಂದು ನೋಟ, ಒಮ್ಮೊಮ್ಮೆ ಒಂದು ದೃಶ್ಯವೇ ಇಲ್ಲ. ಯಂತ್ರ ಒಂದೇ ಆದ್ದರಿಂದ ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ನೆಲದ ಮರಳಿನ ಮೇಲೆ ಕುಳಿತವರು ಕಡಲೆಕಾಯಿ ಸುಲಿಯುತ್ತ ಈಗ ಆದದ್ದನ್ನು ಮಾತಾಡಿಕೊಳ್ಳುತ್ತಿದ್ದರು. ಹಾಡುಗಳು ಮೊದಲೇ ಗೊತ್ತಿರುತ್ತಿದ್ದವು. ಆಟ ಶುರುವಾಗುವ ಮುನ್ನ ಘಂಟಸಾಲರ ವೆಂಕಟೇಶನ ಹಾಡು ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಸುತ್ತಲ ಹಳ್ಳಿಗಳ ಜನ ಹೆಜ್ಜೆ ಬಿರುಸು ಮಾಡುತ್ತಿದ್ದರು.

ಇದನ್ನು ಹೇಳುವುದು ಹಳೆಯ ಕಾಲವನ್ನು ಹೊಗಳುವುದಕ್ಕಲ್ಲ. ನನ್ನ ಮೆಚ್ಚಿನ ಚಿತ್ರವೆಂದು ನಾನು ಕರೆಯುವುದರಲ್ಲಿ ಸಿದ್ದಲಿಂಗಯ್ಯನವರ ಕೆಲಸ ಎಷ್ಟು, ಟೆಂಟಿನ ಕೆಲಸ ಎಷ್ಟು, ನನ್ನ ನೆನಪಿನ ಕೆಲಸ ಎಷ್ಟು ಎಂದು ಬಿಡಿಸುವುದು ಕಷ್ಟ ಎಂಬುದನ್ನು ತೋರಿಸುವುದಕ್ಕೆ. ಲಂಡನ್ನಿನ ವಿಮರ್ಶಕ ಶುದ್ಧವಾದ ಪ್ರಿಂಟಿನಲ್ಲಿ ನೋಡಿ ಅಳೆಯುತ್ತಾನೆ. ನಾನು ಮೆಚ್ಚಿದ್ದು ಅರ್ಧ ಹರಿದ, ಉಳಿದರ್ಧವನ್ನು ನಾನೇ ಹೊಲಿದುಕೊಂಡ ಒಂದು ಚಿತ್ರ.

ಇನ್ನು ಕಥೆಯನ್ನು ನೋಡೋಣ. ರಾಜೀವ ಅಕ್ಕನ ಊರಿಗೆ ಬರುತ್ತಾನೆ. ಬಾವ ಸತ್ತು ಸಂಸಾರದ ಹೊಣೆ ಅವನ ಮೇಲೆ ಬೀಳುತ್ತದೆ. ಬಂಜರು ನೆಲವನ್ನು ಒಡೆದು ಬಂಗಾರ ಬೆಳೆಯುತ್ತಾನೆ. ಮದುವೆಯಾದ ಲಕ್ಷ್ಮಿ ಬಾವಿಯ ಪಾಲಾಗುತ್ತಾಳೆ. ಸಾಕಿದ ಅಕ್ಕನ ಮಗನೇ ಸಂದೇಹದ ಮಾತಾಡಿದಾಗ, ಕಟ್ಟಿದ್ದನ್ನೆಲ್ಲ ಬಿಟ್ಟು ನಡೆದುಹೋಗುತ್ತಾನೆ. ದೋಷಗಳನ್ನು ಎಣಿಸುವವನಿಗೆ ಇಲ್ಲಿ ಬರವಿಲ್ಲ. ರಾಜೀವನ ಒಳ್ಳೆಯತನದಲ್ಲಿ ಎಲ್ಲಿಯೂ ನೆರಳಿಲ್ಲ. ಲಕ್ಷ್ಮಿಯ ಸಾವು ಕಥೆ ನಡೆಸುವವನ ಅನುಕೂಲಕ್ಕೆ ಬಂದ ಸಾವು. ಬೇಸಾಯದಲ್ಲಿ ಮಳೆ, ಸಾಲ, ಮಂಡಿಯ ದರ ಇವುಗಳ ಕಾಟವನ್ನು ಬಲ್ಲ ರೈತ, ಇಷ್ಟು ಬೇಗ ಸಿರಿ ಬರುವುದನ್ನು ಕಂಡು ನಕ್ಕಾನು. ಇವನ್ನೆಲ್ಲ ಒಪ್ಪಿಕೊಂಡೇ ನಾನು ಆ ಚಿತ್ರವನ್ನು ಮೆಚ್ಚುತ್ತೇನೆ.

ಈ ಮೆಚ್ಚುಗೆಯನ್ನು ಪರೀಕ್ಷಿಸಲು ನಮ್ಮಲ್ಲಿಯೇ ಒಂದು ಹಳೆಯ ಒರೆಗಲ್ಲು ಇದೆ. ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೊದಲನೆಯದು, ಕಾಣುತ್ತಿರುವುದು ನಡೆಯಬಹುದಾದದ್ದು ಎಂಬ ನಂಬಿಕೆ ಹುಟ್ಟದಿರುವುದು. ಇನ್ನೊಂದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿ ಕುಳಿತಿರುವುದು. ಮನೆಯ ಚಿಂತೆಯನ್ನು ಹೊತ್ತು ಬಂದವನಿಗೆ ರಂಗದ ಮೇಲಿನ ರಾಮನ ದುಃಖ ರುಚಿಸದು. ಅವನು ಅತ್ತರೂ ಅದು ತನಗಾಗಿ ಅತ್ತದ್ದು. ಈ ಎರಡು ವಿಘ್ನಗಳಿಗೂ ಅವನು ಪರಿಹಾರ ಸೂಚಿಸುತ್ತಾನೆ. ನಂಬಿಕೆ ಹುಟ್ಟಿಸಲು ಲೋಕಪ್ರಸಿದ್ಧನಾದ ನಾಯಕನನ್ನು ಆರಿಸಿಕೊಳ್ಳಬೇಕು. ಸ್ವಂತ ಚಿಂತೆಯಿಂದ ಬಿಡಿಸಲು ಗೀತ, ವಾದ್ಯ, ಅಲಂಕೃತವಾದ ರಂಗಮಂಟಪ ಇವು ಬೇಕು; ಇವುಗಳಿಂದ ಹೃದಯ ಒಣಗಿದವನೂ ಸಹೃದಯನಾಗುತ್ತಾನೆ.

ಸಾವಿರ ವರ್ಷದ ಹಿಂದೆ ಕಾಶ್ಮೀರದಲ್ಲಿ ಬರೆದ ಈ ಮಾತು ನಮ್ಮ ಜನಪ್ರಿಯ ಚಿತ್ರಗಳ ಗುಟ್ಟನ್ನು ಎಷ್ಟು ಚೆನ್ನಾಗಿ ಬಯಲು ಮಾಡುತ್ತದೆ! ರಾಜೀವನಂಥ ಮನುಷ್ಯ ಇರಬಲ್ಲನೆ ಎಂಬ ಸಂದೇಹ ಟೆಂಟಿನಲ್ಲಿ ಯಾರಿಗೂ ಬರಲಿಲ್ಲ. ಏಕೆಂದರೆ ಆ ಪಾತ್ರದಲ್ಲಿದ್ದ ರಾಜಕುಮಾರರನ್ನು ಜನ ೧೯೫೪ರಲ್ಲಿ ಬೇಡರ ಕಣ್ಣಪ್ಪನಾಗಿ, ೧೯೬೦ರಲ್ಲಿ ಕನಕದಾಸನಾಗಿ, ೧೯೬೩ರಲ್ಲಿ ತುಕಾರಾಮನಾಗಿ, ೧೯೬೫ರಲ್ಲಿ ಹರಿಶ್ಚಂದ್ರನಾಗಿ ಕಂಡಿದ್ದರು. ಪಂಚೆ ಉಟ್ಟು ನೇಗಿಲು ಹಿಡಿದವನ ಬೆನ್ನ ಹಿಂದೆ ರಾಜ್ಯ ಬಿಟ್ಟ ಹರಿಶ್ಚಂದ್ರ ನಿಂತಿದ್ದ. ಆದ್ದರಿಂದ ಅವನು ಕಟ್ಟಿದ ಮನೆಯನ್ನು ಬಿಟ್ಟು ಹೊರಟಾಗ ಅದು ಅಸಂಭವವೆನಿಸಲಿಲ್ಲ, ಎಂದೋ ಕೇಳಿದ ಕಥೆಯ ಮುಂದುವರಿಕೆ ಎನಿಸಿತು. ಹಾಗೆಯೇ ಜಿ. ಕೆ. ವೆಂಕಟೇಶರ ಸಂಗೀತ. ನಮ್ಮ ಚಿತ್ರಗಳಲ್ಲಿ ಹಾಡು ಕಥೆಗೆ ಅಡ್ಡ ಬರುತ್ತದೆ ಎಂಬುದು ವಿದ್ಯಾವಂತರ ಹಳೆಯ ದೂರು. ಮಗ್ಗದ ಸದ್ದಿನಲ್ಲಿ ದಿನವೆಲ್ಲ ಕಳೆದು, ಸಾಲದ ಲೆಕ್ಕ ತಲೆಯಲ್ಲಿಟ್ಟುಕೊಂಡು ಬಂದ ದೊಡ್ಡಬಳ್ಳಾಪುರದ ನೇಕಾರನನ್ನು ಆ ಲೆಕ್ಕದಿಂದ ಬಿಡಿಸಿ ಚಿತ್ರದೊಳಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದು ಆ ಹಾಡೇ. ಅದು ಅಡ್ಡಿಯಲ್ಲ, ಬಾಗಿಲು.

ಆದರೆ ಅಭಿನವಗುಪ್ತನ ಒರೆಗಲ್ಲು ನನ್ನ ಮೆಚ್ಚುಗೆಗೂ ಬಿಸಿ ತಾಗಿಸುತ್ತದೆ. ‘ಬಂಗಾರದ ಮನುಷ್ಯ’ವನ್ನು ಈಗ ನೋಡುವಾಗ ನಾನು ನೋಡುವುದು ರಾಜೀವನ ಹೊಲವನ್ನಷ್ಟೇ ಅಲ್ಲ. ದೇವನಹಳ್ಳಿಯ ಬಳಿ ೨೦೦೮ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲದ ಕಥೆಯೇ ಬೇರೆಯಾಯಿತು. ದ್ರಾಕ್ಷಿ, ಚಕ್ಕೋತ, ರಾಗಿ ಬೆಳೆದ ಕಡೆಗಳಲ್ಲಿ ಬಡಾವಣೆಯ ಕಲ್ಲುಗಳು ನಿಂತವು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ೧,೭೭೭ ಎಕರೆ ಭೂಮಿಯನ್ನು ಪಡೆಯುವ ಯೋಜನೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕುಳಿತರು; ೨೦೨೫ರ ಜುಲೈಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಇದೆಲ್ಲ ನಡೆಯುತ್ತಿರುವಾಗ, ತೆರೆಯ ಮೇಲೆ ಒಬ್ಬ ಯುವಕ ಬಂಡೆನೆಲವನ್ನು ಹಸನು ಮಾಡುವುದನ್ನು ಕಂಡು ನನ್ನ ಕಣ್ಣು ಒದ್ದೆಯಾದರೆ, ಅದಕ್ಕೆ ಸಿದ್ದಲಿಂಗಯ್ಯನವರ ಕಲೆ ಕಾರಣವೋ, ನಾನು ಬಸ್ಸಿನ ಕಿಟಕಿಯಿಂದ ದಿನವೂ ಕಂಡದ್ದು ಕಾರಣವೋ? ಬಹುಮಟ್ಟಿಗೆ ಎರಡನೆಯದೇ. ರಷ್ಯಾದವನಿಗೋ ಜಪಾನಿನವನಿಗೋ ಈ ಚಿತ್ರವನ್ನು ತೋರಿಸಿ “ಅಳು” ಎನ್ನುವ ಹಕ್ಕು ನನಗಿಲ್ಲ. ಮೆಚ್ಚಿನ ಚಿತ್ರವೆಂದರೆ ನಾವು ಸಾಲಗಾರರಾಗಿರುವ ಚಿತ್ರ; ಸಾಲ ನಮ್ಮದು, ಊರಿನದ್ದಲ್ಲ.

ಹಾಗಾದರೆ ಹೆಚ್ಚಿನ ಚಿತ್ರ ಯಾವುದು? ಕನ್ನಡದಲ್ಲಿ ಒಂದನ್ನೇ ಹೇಳಬೇಕೆಂದರೆ ನಾನು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಹೆಸರು ಹೇಳುತ್ತೇನೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ೧೯೭೭ರ ಈ ಚಿತ್ರ ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಸ್ವರ್ಣಕಮಲ ಪಡೆಯಿತು. ೨೦೨೨ರಲ್ಲಿ ಅಂತರರಾಷ್ಟ್ರೀಯ ಚಲಚ್ಚಿತ್ರ ವಿಮರ್ಶಕರ ಒಕ್ಕೂಟದ ಭಾರತೀಯ ಶಾಖೆ ನಮ್ಮ ದೇಶದ ಹತ್ತು ಅತ್ಯುತ್ತಮ ಚಿತ್ರಗಳನ್ನು ಆರಿಸಿದಾಗ ಅದಕ್ಕೆ ಐದನೆಯ ಸ್ಥಾನ ದೊರಕಿತು. ಆದರೆ ಪ್ರಶಸ್ತಿ, ಸ್ಥಾನಗಳು ಕಾರಣಗಳಲ್ಲ. ಕಾರಣಗಳನ್ನು ಚಿತ್ರದಲ್ಲಿಯೇ ಹುಡುಕಬೇಕು.

ಮಲೆನಾಡಿನ ಅಗ್ರಹಾರವೊಂದರಲ್ಲಿ ಉಡುಪರ ವೇದಪಾಠಶಾಲೆ. ಅಲ್ಲಿಗೆ ಓದಲು ಬಂದ ನಾಣಿ ಎಂಬ ಚಿಕ್ಕ ಹುಡುಗ. ಉಡುಪರ ಮಗಳು ಯಮುನೆ, ಹರೆಯದ ವಿಧವೆ. ಊರಿನ ಶಾಲಾಮಾಸ್ತರನಿಂದ ಬಸಿರಾಗಿದ್ದಾಳೆ. ಈ ವಸ್ತುವಿನಿಂದ ಅಳಿಸುವ ಚಿತ್ರ ತೆಗೆಯುವುದು ಸುಲಭ. ಸಮಾಜವನ್ನು ಬೈಯುವ ಚಿತ್ರ ತೆಗೆಯುವುದು ಇನ್ನೂ ಸುಲಭ. ಕಾಸರವಳ್ಳಿಯವರು ಮಾಡಿದ್ದು ಇಷ್ಟೇ: ಎಲ್ಲವನ್ನೂ ನಾಣಿಯ ಎತ್ತರದಿಂದ ತೋರಿಸಿದರು. ಹುಡುಗನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಅವನಿಗೆ ತಿಳಿಯದ ಅರ್ಧ ನಮಗೆ ತಿಳಿಯುತ್ತದೆ. ತಿಳಿದೂ ನಾವು ಏನನ್ನೂ ಮಾಡಲಾರೆವು. ಅವನು ಏನಾದರೂ ಮಾಡಲು ಒದ್ದಾಡುತ್ತಾನೆ. ಆದರೆ ಅವನಿಗೆ ತಿಳಿಯದು. ಈ ಎರಡು ಅಸಹಾಯಕತೆಗಳ ನಡುವೆ ಯಮುನೆ ಕುಳಿತಿದ್ದಾಳೆ. ಎಸ್. ರಾಮಚಂದ್ರರ ಕಪ್ಪುಬಿಳುಪು ಛಾಯಾಗ್ರಹಣದಲ್ಲಿ ಕತ್ತಲೆ ಎಂಬುದು ಅಲಂಕಾರವಾಗಿ ಬರುವುದಿಲ್ಲ; ಹುಡುಗನಿಗೆ ಕಾಣದಿರುವ ಲೋಕವಾಗಿ ಬರುತ್ತದೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಘಟಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿಕೊಂಡ ಯಮುನೆ ಮರದ ಕೆಳಗೆ ಒಬ್ಬಳೇ. ನಾಣಿಯನ್ನು ಅವನ ತಂದೆ ಕರೆದುಕೊಂಡು ಹೋಗುತ್ತಾನೆ. ಹುಡುಗ ಹಿಂದಿರುಗಿ ನೋಡುತ್ತಾನೆ. ಯಾರೂ ಭಾಷಣ ಮಾಡುವುದಿಲ್ಲ.

ಈ ಲೋಕ ನನ್ನದಲ್ಲ. ನಾನು ಬಯಲುಸೀಮೆಯವನು, ಆ ಮಳೆ, ಆ ಅಗ್ರಹಾರ, ಆ ಮಂತ್ರ ಯಾವುದರ ಸಾಲವೂ ನನಗಿಲ್ಲ. ಆದರೂ ಅದು ನನ್ನನ್ನು ಹಿಡಿಯಿತು. ಸ್ವಂತ ನೆನಪಿನ ಒತ್ತಾಸೆ ಇಲ್ಲದೆ, ಹಾಡಿನ ಸಹಾಯವಿಲ್ಲದೆ, ಪ್ರಸಿದ್ಧ ನಾಯಕನ ಬೆಂಬಲವಿಲ್ಲದೆ, ಪರಕೀಯನೊಬ್ಬನನ್ನು ಒಳಗೆ ಎಳೆದುಕೊಳ್ಳುವ ಈ ಶಕ್ತಿಯನ್ನೇ ನಾನು ಹೆಚ್ಚಿನದೆಂದು ಕರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಸಣ್ಣ ಸಭಾಂಗಣದಲ್ಲಿ ಈ ಚಿತ್ರವನ್ನು ಹತ್ತಿಪ್ಪತ್ತು ಮಂದಿಗೆ ತೋರಿಸಿದ್ದೆವು. ಮಗ್ಗದ ಕೆಲಸದಲ್ಲಿ ಆಯುಷ್ಯ ಸವೆಸಿದ ಒಬ್ಬ ಹಿರಿಯರು ಕೊನೆಯವರೆಗೂ ಕುಳಿತಿದ್ದರು. ಮರುದಿನ ಸಿಕ್ಕಾಗ ಹೇಗಿತ್ತೆಂದು ಕೇಳಿದೆ. “ಮೇಷ್ಟ್ರೇ, ಚೆನ್ನಾಗೈತೆ ಅನ್ನಕ್ಕೂ ಆಗಲ್ಲ, ಚೆನ್ನಾಗಿಲ್ಲ ಅನ್ನಕ್ಕೂ ಆಗಲ್ಲ. ಆ ಹುಡುಗ ತಿರುಗಿ ನೋಡ್ತಾ ಹೋದ್ನಲ್ಲ, ರಾತ್ರಿಯೆಲ್ಲ ಅದೇ ಕಣ್ ಮುಂದೆ. ಇನ್ನೊಂದ್ ಸಲ ನೋಡು ಅಂದ್ರೆ ನನ್ ಕೈಲಾಗಲ್ಲ. ರಾಜಣ್ಣನ ಪಿಚ್ಚರ್ ಹಾಕಿ, ಈಗ್ಲೂ ಬಂದ್ ಕೂತ್ಕೊಂತೀನಿ” ಎಂದರು. ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಓದಿಲ್ಲ. ಮೆಚ್ಚಿನ ಚಿತ್ರವನ್ನು ನಾವು ಮತ್ತೆ ಮತ್ತೆ ನೋಡಲು ಹೋಗುತ್ತೇವೆ. ಹೆಚ್ಚಿನ ಚಿತ್ರ, ನಾವು ಹೋಗದಿದ್ದರೂ, ತಾನೇ ಮತ್ತೆ ಮತ್ತೆ ಬರುತ್ತದೆ. ಆ ಹಿರಿಯರು ಎರಡನ್ನೂ ಬಲ್ಲವರು. ಒಂದನ್ನು ಇನ್ನೊಂದೆಂದು ಕರೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶ್ರೇಷ್ಠತೆ ಎಂಬುದು ಸ್ಥಿರವಾದದ್ದಾದರೆ ಪಟ್ಟಿಗಳು ಏಕೆ ಬದಲಾಗುತ್ತವೆ? ೧೯೫೨ರಲ್ಲಿ ಮೊದಲನೆಯದಾಗಿದ್ದ ‘ಬೈಸಿಕಲ್ ಥೀವ್ಸ್’ ೨೦೨೨ರಲ್ಲಿ ನಲವತ್ತೊಂದಕ್ಕೆ ಇಳಿದಿದೆ. ೨೦೧೨ರಲ್ಲಿ ಮೂವತ್ತಾರನೆಯದಾಗಿದ್ದ ‘ಜಾನ್ ದೀಲ್ಮನ್’ ಹತ್ತೇ ವರ್ಷದಲ್ಲಿ ಮೊದಲಿಗೆ ಬಂದಿದೆ. ಇದೂ ಒಂದು ಫ್ಯಾಷನ್ನೇ ಅಲ್ಲವೆ? ಸ್ಥಾನದ ಏರಿಳಿತ ಫ್ಯಾಷನ್ನೇ ಇರಬಹುದು. ಮತ ಹಾಕುವವರು ಬದಲಾದಂತೆ ಅದು ಬದಲಾಗುತ್ತದೆ. ಆದರೆ ‘ಬೈಸಿಕಲ್ ಥೀವ್ಸ್’ ಏಕೆ ದೊಡ್ಡದೆಂದು ಅಂದು ಕೊಟ್ಟ ಕಾರಣಗಳು ಇಂದೂ ನಿಂತಿವೆ. ೧೯೫೨ರಲ್ಲಿ ನಮ್ಮ ದೇಶದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಆ ಚಿತ್ರವನ್ನು ಕಂಡ ಬಿಮಲ್ ರಾಯ್ ಮರುವರ್ಷವೇ ‘ದೋ ಬೀಘಾ ಜಮೀನ್’ ತೆಗೆದರು. ನೆಲ ಕಳೆದುಕೊಳ್ಳುವ ರೈತನ ಕಥೆ. ರೋಮ್ ನಗರದ ಒಬ್ಬ ಬಡವನ ಸೈಕಲ್ಲು ಭಾರತದ ರೈತನ ಎರಡು ಬೀಘಾ ಭೂಮಿಯಾಗಲು ಸಾಧ್ಯವಾದದ್ದು, ಆ ಚಿತ್ರದ ಶಕ್ತಿ ಡಿ ಸಿಕಾನ ಊರಿಗೆ ಕಟ್ಟುಬಿದ್ದಿರಲಿಲ್ಲವಾದ್ದರಿಂದ. ಒಂದನೆಯದೋ ನಲವತ್ತೊಂದನೆಯದೋ ಎಂಬುದು ಅದರ ಮುಂದೆ ಸಣ್ಣ ಮಾತು.

ಪಟ್ಟ ಮಾಡುವವರು ಜನರ ಮೆಚ್ಚುಗೆಯನ್ನು ಸದಾ ಹೊರಗಿಟ್ಟಿದ್ದಾರೆ ಎಂದೂ ತಿಳಿಯಬೇಕಾಗಿಲ್ಲ. ನಮ್ಮ ಜಿಲ್ಲೆಗೆ ಸೇರಿದ್ದು ೨೦೦೭ರಲ್ಲಿ ಬೇರೆಯಾದ ರಾಮನಗರದ ಬಂಡೆಗಳ ನಡುವೆ ೧೯೭೩ರಲ್ಲಿ ರಮೇಶ ಸಿಪ್ಪಿಯವರ ‘ಶೋಲೆ’ಯ ಚಿತ್ರೀಕರಣ ಆರಂಭವಾಯಿತು. ೧೯೭೫ರಲ್ಲಿ ಚಿತ್ರ ಬಂದಾಗ ಫಿಲಂಫೇರ್ ಪ್ರಶಸ್ತಿ ಸಿಕ್ಕಿದ್ದು ಸಂಕಲನಕ್ಕೆ ಮಾತ್ರ. ಬೊಂಬಾಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಅದು ಐದು ವರ್ಷ ಓಡಿತು. ೨೦೦೨ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಿದ ಭಾರತೀಯ ಚಿತ್ರಗಳ ಮತಗಣನೆಯಲ್ಲಿ ಅದಕ್ಕೇ ಮೊದಲ ಸ್ಥಾನ. ೨೦೨೨ರ ವಿಮರ್ಶಕರ ಪಟ್ಟಿಯಲ್ಲಿ, ‘ಘಟಶ್ರಾದ್ಧ’ ಐದನೆಯದಾಗಿದ್ದ ಅದೇ ಪಟ್ಟಿಯಲ್ಲಿ, ಅದು ಹತ್ತನೆಯದು. ಆದರೆ ಜನ ಮೆಚ್ಚಿದ್ದು ಯಾವ ‘ಶೋಲೆ’ಯನ್ನು? ನಿರ್ದೇಶಕರು ಮೊದಲು ತೆಗೆದ ಕೊನೆಯಲ್ಲಿ ಠಾಕೂರ್ ಗಬ್ಬರನನ್ನು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರಿನವರು ಒಪ್ಪದೆ, ಪೊಲೀಸರು ಬಂದು ಹಿಡಿಯುವಂತೆ ಬದಲಾಯಿಸಬೇಕಾಯಿತು. ಸುಮಾರು ಐವತ್ತು ವರ್ಷ ಕೋಟಿಗಟ್ಟಲೆ ಜನ ಪ್ರೀತಿಸಿದ್ದು ನಿರ್ದೇಶಕರಿಗೆ ಬೇಡವಾಗಿದ್ದ ಆ ಕೊನೆಯನ್ನು! ಮೊದಲಿನ ಕೊನೆಯನ್ನು ಸೇರಿಸಿ ಪುನರುಜ್ಜೀವಿಸಿದ ಪ್ರತಿ ೨೦೨೫ರ ಜೂನಿನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶಿತವಾಯಿತು. ಮೆಚ್ಚುಗೆ ಸಿಕ್ಕಿದ್ದನ್ನು ಅಪ್ಪಿಕೊಳ್ಳುತ್ತದೆ; ವಿಮರ್ಶೆ ಇರಬೇಕಾದದ್ದು ಯಾವುದೆಂದು ಕೇಳುತ್ತದೆ.

ಪಟ್ಟಿಗಳ ಒಂದು ಕೊರತೆಯನ್ನೂ ಹೇಳಿಬಿಡಬೇಕು. ಅವು ನಿರ್ದೇಶಕರ ಪಟ್ಟಿಗಳು. ನಮ್ಮ ಜನರ ಪ್ರೀತಿ ಮುಖಗಳ ಮೇಲೆ. ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಬಹುಕಾಲ ನೆಲೆಸಿ, ಊರಿನವರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟು, ೨೦೨೩ರ ಡಿಸೆಂಬರಿನಲ್ಲಿ ತೀರಿಕೊಂಡ ಲೀಲಾವತಿಯವರು ನೂರಾರು ಚಿತ್ರಗಳಲ್ಲಿ ನಟಿಸಿದವರು. ನಾಯಕಿಯಾಗಿ, ಮುಂದೆ ತಾಯಿಯಾಗಿ, ಅತ್ತೆಯಾಗಿ ಅವರು ತೆರೆಯ ಮೇಲೆ ಬಂದಾಗ ಟೆಂಟಿನ ಹೆಂಗಸರು ಮನೆಯವರೊಬ್ಬರನ್ನು ಕಂಡಂತೆ ಮಾತಾಡಿಸುತ್ತಿದ್ದರು. ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಲ್ಲಿ (೧೯೬೯) ಅವರ ಅಭಿನಯವನ್ನು ನೆನೆಯುವವರು ಇಂದೂ ಇದ್ದಾರೆ. ಯಾವ ಪಟ್ಟಿಯಲ್ಲೂ ಇಂಥವರಿಗೆ ಅಂಕಣವಿಲ್ಲ. ಮೆಚ್ಚುಗೆ ಎಂಬುದಿಲ್ಲದಿದ್ದರೆ ಇವರ ಲೆಕ್ಕ ಇಡುವವರೇ ಇರುತ್ತಿರಲಿಲ್ಲ.

ಇಷ್ಟೆಲ್ಲ ವಿವೇಚನೆಯಿಂದ ಏನು ಪ್ರಯೋಜನ, ಇಷ್ಟವಾದದ್ದನ್ನು ನೋಡಿಕೊಂಡಿದ್ದರೆ ಸಾಲದೆ ಎಂದರೆ, ಸಾಲದು. ಫಿಲ್ಮು ಬಾಳುವ ವಸ್ತುವಲ್ಲ. ತಾಳೆಗರಿ ಇನ್ನೂರು ಮುನ್ನೂರು ವರ್ಷ ಉಳಿದೀತು. ಶಾಸನ ಸಾವಿರ ವರ್ಷ ನಿಂತೀತು. ಫಿಲ್ಮಿನ ಸುರುಳಿ ಸೆಕೆಗೆ, ತೇವಕ್ಕೆ, ಅಲಕ್ಷ್ಯಕ್ಕೆ ಕೆಲವೇ ದಶಕಗಳಲ್ಲಿ ಕೊಳೆತುಹೋಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ, ೧೯೩೪ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದು ತಮ್ಮ ಕಾಲದಲ್ಲಿ ಜನ ಮೆಚ್ಚಿದ ಚಿತ್ರವೇ. ಮೆಚ್ಚಿದವರು ಇರುವ ತನಕ ಮೆಚ್ಚುಗೆ ಇರುತ್ತದೆ. ಅವರೊಡನೆ ಅದೂ ಹೋಗುತ್ತದೆ. ಮಕ್ಕಳಿಗೆ ಅದನ್ನು ಬರೆದುಕೊಡಲು ಆಗುವುದಿಲ್ಲ. ಬರೆದುಕೊಡಲು ಆಗುವುದು ಕಾರಣಗಳನ್ನು. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಸಂಸ್ಥೆ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ‘ವರ್ಲ್ಡ್ ಸಿನಿಮಾ ಪ್ರಾಜೆಕ್ಟ್’ನೊಡಗೂಡಿ ಪುನರುಜ್ಜೀವಿಸಿತು, ೨೦೨೪ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಅದನ್ನು ತೋರಿಸಿದರು. ಮಲೆನಾಡಿನ ಆ ಕಥೆಗೆ ದೂರದವರ ನೆರವು ಒದಗಿದ್ದು ಅವರ ಬಾಲ್ಯದ ನೆನಪು ಅದರಲ್ಲಿತ್ತೆಂದಲ್ಲ. ಅದು ಉಳಿಯಬೇಕಾದದ್ದೆಂದು ನಲವತ್ತೇಳು ವರ್ಷ ಯಾರಾದರೂ ಒಬ್ಬರು ಕಾರಣ ಸಹಿತ ಹೇಳುತ್ತ ಬಂದಿದ್ದರಿಂದ. ‘ಶೋಲೆ’ಯನ್ನು ಪುನರುಜ್ಜೀವಿಸಿದ್ದೂ ಅದೇ ಸಂಸ್ಥೆ. ಎರಡನ್ನೂ ಒಂದೇ ಕೈ ಉಳಿಸಿತು ಎಂಬುದು ನೆನಪಿನಲ್ಲಿಡತಕ್ಕ ಮಾತು.

ಕಾರಣಗಳನ್ನು ಹಳ್ಳಿಗೆ ತಲುಪಿಸಲಾಗದು ಎನ್ನುವವರಿಗೆ ಹೆಗ್ಗೋಡೇ ಉತ್ತರ. ಕೆ. ವಿ. ಸುಬ್ಬಣ್ಣನವರ ನೀನಾಸಮ್ ೧೯೭೩ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಪ್ರಸಿದ್ಧ ಚಿತ್ರಗಳನ್ನು ಅಡಿಕೆ ತೋಟದ ಜನಕ್ಕೆ ತೋರಿಸಿ, ಕನ್ನಡದಲ್ಲಿಯೇ ವಿವರಿಸಿ ಚರ್ಚೆ ಮಾಡಿತು. ಬೆಂಗಳೂರಿನಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ ೧೯೭೧ರಿಂದ ನಗರದವರಿಗೆ ಆ ಅನುಕೂಲ ಒದಗಿಸಿತು. ಇವೆರಡರ ನಡುವೆ, ನಗರಕ್ಕೆ ಒಂದು ಗಂಟೆಯ ದಾರಿಯಲ್ಲಿರುವ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಟೆಂಟು ಹೋದ ಮೇಲೆ ಏನು ಬಂತು? ಕೈಯಲ್ಲಿರುವ ಫೋನು ಬಂತು. ಅದರಲ್ಲಿ ಎಲ್ಲ ಚಿತ್ರಗಳೂ ಸಿಕ್ಕುತ್ತವೆ ಎನ್ನುತ್ತಾರೆ. ಆದರೆ ಅದು ನಾವು ಮೆಚ್ಚಿದ್ದನ್ನೇ ಹೋಲುವುದನ್ನು ಮತ್ತೆ ಮತ್ತೆ ಮುಂದಿಡುತ್ತದೆ. ಪಕ್ಕದ ಊರಿನ ದುರ್ಯೋಧನನನ್ನು ತಾನಾಗಿ ತೋರಿಸುವುದು ಅಪರೂಪ.

ಓದುಗರಲ್ಲಿ ನನ್ನ ಬಿನ್ನಹ ಸರಳವಾದದ್ದು. ಮೆಚ್ಚಿದ ಚಿತ್ರಗಳ ಪಟ್ಟಿಯೊಂದನ್ನು ಬರೆಯಿರಿ. ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ಹೆದರಬೇಕಿಲ್ಲ. ಹೆಚ್ಚಿನವೆಂದು ನೀವು ವಾದಿಸಬಲ್ಲ ಚಿತ್ರಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಒಂದೊಂದರ ಎದುರಿಗೂ ಕಾರಣ ಬರೆಯಿರಿ. ಎರಡು ಪಟ್ಟಿಗಳಲ್ಲೂ ಇರುವ ಹೆಸರು ಒಂದೆರಡು ಸಿಕ್ಕಿದರೆ ಅದು ಭಾಗ್ಯ, ಸಿಕ್ಕದಿದ್ದರೆ ನಾಚಿಕೆಯಿಲ್ಲ. ನನ್ನ ಎರಡು ಹಾಳೆಗಳಲ್ಲಿ ಸದ್ಯಕ್ಕೆ ಅಂಥ ಹೆಸರು ಒಂದೂ ಇಲ್ಲ. ಆದರೆ ಊರಿನ ಶಾಲೆಯಲ್ಲೋ ವಾಚನಾಲಯದಲ್ಲೋ ಮಕ್ಕಳಿಗೆ ಚಿತ್ರ ತೋರಿಸುವ ಸಂದರ್ಭ ಬಂದಾಗ ಎರಡು ಹಾಳೆಗಳನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲ ವಾರ ಮೊದಲನೆಯದರಿಂದ ತೋರಿಸಿ. ಅವರು ಬಂದು ಕೂರುತ್ತಾರೆ. ಮರುವಾರ ಎರಡನೆಯದರಿಂದ ತೋರಿಸಿ. ಮುಗಿದ ಮೇಲೆ ದೀಪ ಹಾಕಿ, ಅವರು ಏನನ್ನುತ್ತಾರೆಂದು ಕೇಳಿ.